ವೃತ್ತಿಯನ್ನು ಕಾಯಕವಾಗಿಸಿದ ಹಳಕಟ್ಟಿಯವರು

ಕಾಯಕವೆಂಬ ಶಬ್ದವು ಇಂದು ಎಲ್ಲರ ನಾಲಗೆಯ ಮೇಲೂ ನಲಿಯುತ್ತಿದೆ. ಕಚೇರಿಗಳ ಗೋಡೆಗಳ ಮೇಲೆ ಅದನ್ನು ಬರೆಯಿಸಿದ್ದಾರೆ. ಸಭೆಗಳಲ್ಲಿ ಅದನ್ನು ಉಚ್ಚರಿಸದೆ ಭಾಷಣ ಮುಗಿಯುವುದಿಲ್ಲ. ಆದರೆ ಒಬ್ಬ ವಕೀಲನೋ ಶಿಕ್ಷಕನೋ ಗುಮಾಸ್ತನೋ ತನ್ನ ನಿತ್ಯದ ವೃತ್ತಿಯಲ್ಲಿ ಬೆಳೆಯುವುದೆಂದರೇನು, ಆ ಬೆಳವಣಿಗೆಯು ಎಲ್ಲಿಯವರೆಗೆ ಬರಿಯ ಗಳಿಕೆ, ಎಲ್ಲಿಂದ ಮುಂದೆ ಕಾಯಕ ಎಂಬುದನ್ನು ವಿಚಾರಿಸುವವರು ವಿರಳ. ನಮ್ಮ ಮಠದ ಶಾಲೆಯಲ್ಲಿ ಓದಿ ಹೋದ ತರುಣರು ವರ್ಷಕ್ಕೊಮ್ಮೆ ಜಾತ್ರೆಗೆ ಬಂದಾಗ ಅವರ ಬಾಯಿಂದ ಎರಡೇ ದೂರುಗಳನ್ನು ಕೇಳುತ್ತೇನೆ: ಮಾಡುವ ಕೆಲಸದಲ್ಲಿ ಮೇಲಕ್ಕೆ ಬರುವ ದಾರಿ ಕಾಣದು, ಜೊತೆಯಲ್ಲಿ ದುಡಿಯುವವರೊಡನೆ ಹೊಂದಿಕೆ ಆಗದು. ಈ ಎರಡನ್ನೂ ಕೇಳಿದಾಗಲೆಲ್ಲ ನನಗೆ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಜೀವನ ನೆನಪಿಗೆ ಬರುತ್ತದೆ. ಅವರನ್ನು ವಚನಪಿತಾಮಹರೆಂದು ಕರೆದು ಭಾವಚಿತ್ರಕ್ಕೆ ಹಾರ ಹಾಕಿ ಕೈಮುಗಿಯುವುದು ಸುಲಭ. ಅವರು ಹೊಟ್ಟೆಪಾಡಿಗಾಗಿ ಒಂದು ವೃತ್ತಿಯನ್ನು ಹಿಡಿದ ಗೃಹಸ್ಥರಾಗಿದ್ದರು, ಆ ವೃತ್ತಿಯಲ್ಲಿ ಕಲಿತುದನ್ನೇ ಶರಣರ ಪಾದಕ್ಕೆ ಸುರಿದರು ಎಂಬುದನ್ನು ಮಾತ್ರ ನಾವು ಮರೆಯುತ್ತೇವೆ.

ಹಳಕಟ್ಟಿಯವರು 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಲೇಖಕರು. ತಾಯಿಯನ್ನು ಎಳವೆಯಲ್ಲಿಯೇ ಕಳೆದುಕೊಂಡ ಬಾಲಕನು ಅಜ್ಜಿಯ ಮಡಿಲಲ್ಲಿ ಬೆಳೆದನು. ಆಗಿನ ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ದೊಡ್ಡ ಓದು ಬೇಕಾದವರು ಪುಣೆಗೋ ಮುಂಬಯಿಗೋ ಹೋಗಬೇಕು. ಹಳಕಟ್ಟಿಯವರು ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿ 1901ರಲ್ಲಿ ಬಿ. ಎ. ಪದವಿಯನ್ನೂ, ಬಳಿಕ 1904ರಲ್ಲಿ ಕಾನೂನಿನ ಪದವಿಯನ್ನೂ ಪಡೆದರು. ಆ ಮಹಾನಗರದಲ್ಲಿ ಮರಾಠಿಗರೂ ಗುಜರಾತಿಗಳೂ ತಮ್ಮ ತಮ್ಮ ಭಾಷೆಗಾಗಿ ಪತ್ರಿಕೆ, ಸಂಘ, ಗ್ರಂಥಮಾಲೆಗಳನ್ನು ಕಟ್ಟಿಕೊಂಡು ಮೆರೆಯುತ್ತಿದ್ದುದನ್ನು ಅವರು ಕಣ್ಣಾರೆ ಕಂಡರು. ಕನ್ನಡದ ತರುಣನ ಎದೆಗೆ ಅದು ನಾಟಿತು. ಆದರೆ ಅವರು ಆ ನೋವನ್ನು ವೇದಿಕೆಯ ಮೇಲೆ ಹರಿಯಬಿಡದೆ, ಮೊದಲು ಒಂದು ಉದ್ಯೋಗದಲ್ಲಿ ಕಾಲೂರಿ ನಿಲ್ಲುವ ಹವಣಿಕೆಯಲ್ಲಿ ತೊಡಗಿದರು. ಇದು ವಿವೇಕದ ಹೆಜ್ಜೆ. ಬೆಳಗಾವಿಯಲ್ಲಿ ಕೆಲಕಾಲ ವಕೀಲಿ ಮಾಡಿ, 1904ರಲ್ಲಿಯೇ ವಿಜಾಪುರಕ್ಕೆ ಬಂದು ಅಲ್ಲಿಯೇ ನೆಲೆನಿಂತರು. ಅಂದಿನಿಂದ ಅರವತ್ತು ವರ್ಷಗಳ ಪರ್ಯಂತ ವಿಜಾಪುರವೇ ಅವರ ಕಾರ್ಯಕ್ಷೇತ್ರವಾಯಿತು. ಆ ಊರಿಗೆ 2014ರಿಂದ ವಿಜಯಪುರವೆಂಬ ಹೆಸರು.

ವಿಜಾಪುರ ಜಿಲ್ಲೆಯೆಂದರೆ ಬರಗಾಲದ ಬೀಡು. ಮಳೆ ತಪ್ಪಿದರೆ ಒಕ್ಕಲಿಗನು ಸಾಹುಕಾರನ ಮನೆಯ ಬಾಗಿಲಿಗೆ, ಸಾಹುಕಾರನ ಸಾಲ ಬೆಳೆದರೆ ಇಬ್ಬರೂ ಕೋರ್ಟಿನ ಬಾಗಿಲಿಗೆ. ಅಂಥ ಊರಿನಲ್ಲಿ ವಕೀಲನಿಗೆ ಕೆಲಸಕ್ಕೆ ಬರವಿಲ್ಲ. ಹಳಕಟ್ಟಿಯವರಿಗೂ ಹೆಸರು ಬಂದಿತು, ಸರಕಾರವು ರಾವಬಹಾದ್ದೂರ ಬಿರುದನ್ನೂ ಕೊಟ್ಟಿತು. ವಕೀಲನ ಕಸುಬು ಏನನ್ನು ಕಲಿಸುತ್ತದೆಂಬುದನ್ನು ಇಲ್ಲಿ ನಾವು ತುಸು ವಿಚಾರಿಸಬೇಕು. ಹರಕು ದಸ್ತೈವಜನ್ನು ಅಕ್ಷರ ಬಿಡದೆ ಓದುವುದು. ಒಂದೇ ಸಂಗತಿಯನ್ನು ನಾಲ್ವರು ನಾಲ್ಕು ಬಗೆಯಾಗಿ ಹೇಳಿದಾಗ ಯಾವ ಸಾಕ್ಷಿಗೆ ಎಷ್ಟು ತೂಕವೆಂದು ಅಳೆಯುವುದು. ಚದುರಿದ ಸಂಗತಿಗಳನ್ನು ಒಂದೊಂದು ವಿವಾದಾಂಶದ ಕೆಳಗೆ ಒಪ್ಪವಾಗಿ ಜೋಡಿಸುವುದು. ಮುನಿದವರನ್ನು ಮಾತಿನಿಂದ ಒಲಿಸುವುದು. ತಾರೀಖಿನ ಮೇಲೆ ತಾರೀಖು ಬಿದ್ದರೂ ತಾಳ್ಮೆಗೆಡದಿರುವುದು. ಬಹುಮಂದಿ ಈ ವಿದ್ಯೆಯನ್ನು ಹಣವನ್ನಾಗಿ ಮಾರ್ಪಡಿಸಿ ಅಲ್ಲಿಗೇ ನಿಲ್ಲುತ್ತಾರೆ. ಅದು ತಪ್ಪೆಂದು ನಾನು ಹೇಳಲಾರೆ, ಸಂಸಾರಿಗೆ ಹಣ ಬೇಕು. ಹಳಕಟ್ಟಿಯವರು ಅಲ್ಲಿಗೆ ನಿಲ್ಲಲಿಲ್ಲ.

ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ರಬಕವಿ-ಬನಹಟ್ಟಿಯ ಕಡೆಗೆ ಹೋಗಿದ್ದಾಗ ಒಬ್ಬ ಗೃಹಸ್ಥರ ಮನೆಯಲ್ಲಿ ಅವರಿಗೆ ವಚನಗಳ ತಾಡವಾಲೆಯ ಕಟ್ಟುಗಳು ಕಾಣಿಸಿದವು. ಆ ಕಾಲದಲ್ಲಿ ವಚನಗಳು ಅಚ್ಚಾಗಿಯೇ ಇರಲಿಲ್ಲವೆಂದಲ್ಲ; ಅಲ್ಲೊಂದು ಇಲ್ಲೊಂದು ಪುಸ್ತಕ ಹೊರಬಂದಿತ್ತು. ಆದರೆ ಶರಣರ ಸಂಖ್ಯೆ ಎಷ್ಟು, ಅವರು ಏನೇನು ಹೇಳಿದ್ದಾರೆ, ಆ ಮಾತುಗಳೆಲ್ಲ ಎಲ್ಲಿ ಉಳಿದಿವೆ ಎಂಬ ಸಮಗ್ರ ಕಲ್ಪನೆ ವಿದ್ವಾಂಸರಿಗೂ ಇರಲಿಲ್ಲ. ಓಲೆಗರಿಯ ಕಟ್ಟುಗಳು ಊರೂರ ಮಠಗಳ ಅಟ್ಟದ ಮೇಲೂ, ಮನೆಗಳ ದೇವರ ಜಗುಲಿಯ ಮೇಲೂ ವಸ್ತ್ರದಲ್ಲಿ ಸುತ್ತಿಕೊಂಡು ಕುಳಿತಿದ್ದವು. ಅವಕ್ಕೆ ವಿಭೂತಿ, ಪತ್ರಿ, ಧೂಪ ತಪ್ಪುತ್ತಿರಲಿಲ್ಲ. ಬಿಚ್ಚಿ ಓದುವವರು ಮಾತ್ರ ಇರಲಿಲ್ಲ. ಪೂಜೆಗೊಂಡ ಗ್ರಂಥವನ್ನೂ ಹುಳು ತಿನ್ನುತ್ತದೆ. ಜೀರ್ಣವಾದ ಕಟ್ಟನ್ನು ಭಕ್ತಿಯಿಂದಲೇ ಹೊಳೆಗೆ ಬಿಡುವ ವಾಡಿಕೆಯೂ ಉಂಟು. ಇನ್ನೊಂದು ತಲೆಮಾರು ಕಳೆದಿದ್ದರೆ ಎಷ್ಟೋ ಶರಣರ ಹೆಸರು ಕೂಡ ನಮಗೆ ಉಳಿಯುತ್ತಿರಲಿಲ್ಲ.

ಓಲೆಗರಿಯನ್ನು ಓದಿದವರಿಗೆ ಮಾತ್ರ ಆ ಕೆಲಸದ ಕಷ್ಟ ಗೊತ್ತು. ಶಬ್ದ ಶಬ್ದಗಳ ನಡುವೆ ತೆರವಿಲ್ಲ. ಹ್ರಸ್ವ ದೀರ್ಘಗಳ ಭೇದವನ್ನು ಎಲ್ಲೆಡೆಯೂ ತೋರಿಸಿರುವುದಿಲ್ಲ. ಎಕಾರವೋ ಏಕಾರವೋ ಅರ್ಥದಿಂದಲೇ ತಿಳಿಯಬೇಕು. ಕಂಠದಿಂದ ಕೊರೆದ ಅಕ್ಷರ ಕಾಣದಾದಾಗ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಗರಿಗೆ ಸವರಿ ಒರೆಸಿದರೆ ಗೆರೆಯಲ್ಲಿ ಕಪ್ಪು ನಿಂತು ಅಕ್ಷರ ಏಳುತ್ತದೆ. ಗರಿ ಒಣಗಿದ್ದರೆ ಕೈಯಲ್ಲಿಯೇ ಮುರಿಯುತ್ತದೆ. ಒಂದು ಕಟ್ಟಿನಲ್ಲಿ ಇರುವ ವಚನ ಇನ್ನೊಂದರಲ್ಲಿ ಬೇರೆ ಪಾಠದಿಂದ ಇರುತ್ತದೆ. ಮೂರನೆಯದರಲ್ಲಿ ಬೇರೊಬ್ಬ ಶರಣರ ಅಂಕಿತದಿಂದ ಕಾಣಿಸಿಕೊಳ್ಳುತ್ತದೆ. ದಿನವಿಡೀ ಕೋರ್ಟಿನಲ್ಲಿ ದುಡಿದು ಬಂದವರು ಇಂಥ ಗರಿಗಳ ಮುಂದೆ ಕುಳಿತುಕೊಳ್ಳುವುದೆಂದರೆ ಸಾಮಾನ್ಯವಲ್ಲ. ಆದರೆ ಸಾಕ್ಷ್ಯವನ್ನು ತೂಗುವ ಕಣ್ಣು ಅವರಿಗೆ ಆಗಲೇ ಇತ್ತೆಂಬುದನ್ನು ಗಮನಿಸಿರಿ. ಅವರು ಹೊಸ ವಿದ್ಯೆಯನ್ನು ಮೊದಲಿನಿಂದ ಕಲಿಯಬೇಕಾಗಲಿಲ್ಲ. ಇದ್ದ ವಿದ್ಯೆಯನ್ನು ಹೊಸ ಹೊಲಕ್ಕೆ ಹೂಡಿದರು.

1923ರಲ್ಲಿ ಪ್ರಕಟವಾದ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ತೆರೆದು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಅದರಲ್ಲಿ ವಚನಗಳನ್ನು ಒಬ್ಬೊಬ್ಬ ಶರಣರ ಹೆಸರಿನ ಕೆಳಗೆ ಇಟ್ಟಿಲ್ಲ. ವಿಷಯಗಳನ್ನು ಬೇರ್ಪಡಿಸಿ, ಒಂದೊಂದು ವಿಷಯಕ್ಕೂ ಬಸವಣ್ಣನವರಿಂದ ಹಿಡಿದು ಅಪರಿಚಿತ ಶರಣರವರೆಗೆ ಹಲವರ ವಚನಗಳನ್ನು ಸಾಲಾಗಿ ಜೋಡಿಸಿದ್ದಾರೆ. ವಿವಾದಾಂಶವನ್ನು ಬರೆದು ಅದರ ಕೆಳಗೆ ಸಾಕ್ಷಿಗಳನ್ನು ನಿಲ್ಲಿಸುವ ವಕೀಲನ ಕ್ರಮವೇ ಇದು ಎಂದು ನನ್ನ ಅಭಿಪ್ರಾಯ. ಶರಣರಿಗೆ ಒಂದು ಸುಸಂಬದ್ಧವಾದ ತತ್ತ್ವವಿದೆಯೆಂದು ಲೋಕಕ್ಕೆ ರುಜುವಾತುಪಡಿಸಬೇಕಾಗಿತ್ತು. ಅದಕ್ಕೆ ಈ ಕ್ರಮವೇ ತಕ್ಕುದಾಗಿತ್ತು. ಇನ್ನೂರಕ್ಕೂ ಮಿಗಿಲಾದ ವಚನಕಾರರು ಇದ್ದರೆಂಬುದು ನಾಡಿಗೆ ತಿಳಿದುದು ಅವರ ಈ ಪರಿಶ್ರಮದಿಂದ. ಅದೇ ಸಮಯದಲ್ಲಿ, 1922ರಲ್ಲಿ, ಬಸವಣ್ಣನವರ ವಚನಗಳ ಇಂಗ್ಲಿಷ್ ಅನುವಾದವನ್ನು ಅವರು ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಪರಭಾಷೆಯ ವಿದ್ವಾಂಸರ ಕೋರ್ಟಿನಲ್ಲಿಯೂ ದಾವೆ ಹೂಡಿದ್ದರೆನ್ನಬಹುದು!

ಇಷ್ಟೆಲ್ಲ ಒಬ್ಬರ ಕೈಯಿಂದ ಆಗುವ ಕೆಲಸವಲ್ಲ. ಓಲೆಯ ಕಟ್ಟುಗಳ ಒಡೆಯರು ಅವುಗಳನ್ನು ಕೊಟ್ಟರೆ ಮಾತ್ರ ಸಂಗ್ರಹ ಬೆಳೆಯುವುದು. ಕೊಡುವವರು ಯಾರು? ಮಠದ ಸ್ವಾಮಿಗಳು, ಹಳ್ಳಿಯ ಗೌಡರು, ಶೆಟ್ಟರು, ಓದುಬರಹ ಬಾರದ ಮುದುಕಿಯರು. ಅವರಿಗೆ ಆ ಕಟ್ಟು ಪಿತ್ರಾರ್ಜಿತವಾದ ಪೂಜಾವಸ್ತು. ಪಟ್ಟಣದ ವಕೀಲನೊಬ್ಬನು ಬಂದು ಕೇಳಿದರೆ ಶಂಕೆ ಸಹಜ. ವಕೀಲರ ಕೈಗೆ ಹೋದ ಕಾಗದ ಮರಳಿ ಬಾರದೆಂಬ ಗಾದೆಯಂಥ ಮಾತು ಹಳ್ಳಿಗಳಲ್ಲಿ ಇಂದಿಗೂ ಇದೆ. ಅಧಿಕಾರದಿಂದ ಕೇಳಿ ಪಡೆಯುವ ವಸ್ತು ಇದಲ್ಲ. ವಿಶ್ವಾಸದಿಂದ ಮಾತ್ರ ದೊರೆಯುವಂಥದು. ಹೀಗೆ ಒಂದೊಂದಾಗಿ ಅವರು ಕೂಡಿಸಿದ ಕಟ್ಟುಗಳ ಸಂಖ್ಯೆ ಸಾವಿರವನ್ನು ಮೀರಿತೆಂದು ಹೇಳುತ್ತಾರೆ. ಸಾವಿರ ಕಟ್ಟುಗಳೆಂದರೆ ಎಷ್ಟೆಷ್ಟು ಹೊಸ್ತಿಲುಗಳನ್ನು ತುಳಿದಿರಬೇಕು, ಎಷ್ಟು ಜನರ ಮುಂದೆ ತಲೆಬಾಗಿರಬೇಕು! ಪ್ರತಿವಾದಿಯನ್ನು ಮಾತಿನಿಂದ ಮಣಿಸುವ ವೃತ್ತಿಯವರು ಇಲ್ಲಿ ತಾವೇ ಮಣಿಯುವುದನ್ನು ಕಲಿತರು. ವೃತ್ತಿಯಲ್ಲಿ ಬೆಳೆದವರು ಬಹುಧಾ ಕಳೆದುಕೊಳ್ಳುವ ಗುಣ ಇದೇ.

ಜನರನ್ನು ಒಂದುಗೂಡಿಸುವ ಅಭ್ಯಾಸ ಅವರಿಗೆ ವಚನಕಾರ್ಯಕ್ಕಿಂತ ಮೊದಲೇ ಬಂದಿತ್ತು. ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಹಿಂದುಸ್ಥಾನದಲ್ಲಿ ಜಾರಿಗೆ ಬಂದುದು 1904ರಲ್ಲಿ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಮೊದಲ ಸಂಘವನ್ನು ಕಟ್ಟಿದುದು 1905ರಲ್ಲಿ. ಆ ಬೀಜ ವಿಜಾಪುರದ ಒಣನೆಲದಲ್ಲಿಯೂ ಮೊಳೆಯುವಂತೆ ದುಡಿದವರಲ್ಲಿ ಹಳಕಟ್ಟಿಯವರು ಅಗ್ರಗಣ್ಯರು. 1910ರಲ್ಲಿ ವಿಜಾಪುರದ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯ ಸ್ಥಾಪನೆಗೆ ಅವರು ಮುಂದಾದರು, ಬಿ. ಎಲ್. ಡಿ. ಇ. ಎಂದು ಪ್ರಸಿದ್ಧವಾಗಿರುವ ಆ ಸಂಸ್ಥೆಯು ಇಂದು ವೈದ್ಯಕೀಯ ಮಹಾವಿದ್ಯಾಲಯವನ್ನೂ ನಡೆಸುತ್ತಿದೆ. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಹುಟ್ಟಿತು. ಸಹಕಾರಿ ಸಂಘದಲ್ಲಿ ಒಬ್ಬ ಸದಸ್ಯನಿಗೆ ಒಂದೇ ಮತ. ಹಣ ಹೆಚ್ಚು ಇಟ್ಟವನಿಗೆ ಮತ ಹೆಚ್ಚಿಲ್ಲ. ಸಾಲ ಪಡೆದವನು ತೀರಿಸದಿದ್ದರೆ ನಷ್ಟವು ನೆರೆಮನೆಯವನದು. ಆದಕಾರಣ ಇಲ್ಲಿ ಒಬ್ಬರ ಪ್ರಾಮಾಣಿಕತೆ ಇನ್ನೊಬ್ಬರ ಬಂಡವಾಳ. ಸಾಹುಕಾರನ ವಿರುದ್ಧ ಒಕ್ಕಲಿಗನ ಪರವಾಗಿ ವಾದಿಸಿ ಒಂದು ಖಟ್ಲೆಯನ್ನು ಗೆಲ್ಲುವುದಕ್ಕಿಂತ, ಒಕ್ಕಲಿಗನು ಆ ಬಾಗಿಲಿಗೆ ಹೋಗದಂತೆ ಮಾಡುವುದು ಮೇಲೆಂದು ಬಗೆದ ವಕೀಲರು ತಮ್ಮ ವೃತ್ತಿಯ ಗಿರಾಕಿಗಳನ್ನೇ ಕಡಿಮೆ ಮಾಡಿಕೊಂಡರಷ್ಟೆ. ದಾಸೋಹದ ಅರ್ಥವನ್ನು ಇದಕ್ಕಿಂತ ಚೆನ್ನಾಗಿ ವ್ಯಾಖ್ಯಾನಿಸುವುದು ನನಗೆ ತಿಳಿಯದು.

ಮುಂಬಯಿ ವಿಧಾನ ಪರಿಷತ್ತಿನ ಸದಸ್ಯತ್ವ, ಕರ್ನಾಟಕ ಏಕೀಕರಣದ ಹೋರಾಟ, 1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಮುಂತಾದವು ಪ್ರಸಿದ್ಧವೇ ಆಗಿರುವುದರಿಂದ ಅವುಗಳನ್ನು ಇಲ್ಲಿ ವಿಸ್ತರಿಸುವುದಿಲ್ಲ. ಮುದ್ರಣಾಲಯದ ಸಂಗತಿಗೆ ಬರೋಣ.

ವಚನಶಾಸ್ತ್ರಸಾರದ ಹಸ್ತಪ್ರತಿ ಮೊದಲು ಹೋದ ಮುದ್ರಣಾಲಯದಿಂದ ಅಚ್ಚಾಗದೆ ಮರಳಿ ಬಂದಿತು. ಕೊನೆಗೆ ಬೆಳಗಾವಿಯಲ್ಲಿ ಅಚ್ಚಾಯಿತು. ಪರರ ಮುದ್ರಣಾಲಯವನ್ನು ನಂಬಿ ಇಷ್ಟು ದೊಡ್ಡ ಕಾರ್ಯವನ್ನು ಸಾಗಿಸಲಾಗದೆಂದು ಅವರಿಗೆ ಮನವರಿಕೆಯಾಗಿರಬೇಕು. 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಅದಕ್ಕಾಗಿ ಇದ್ದ ಮನೆಯನ್ನು ಮಾರಿದರು. 1926ರಲ್ಲಿ ಶಿವಾನುಭವ ಪತ್ರಿಕೆ, 1927ರಲ್ಲಿ ನವಕರ್ನಾಟಕ ವಾರಪತ್ರಿಕೆ ಆರಂಭವಾದವು. ಕನ್ನಡದ ಮೊಳೆ ಜೋಡಿಸುವುದು ಆ ದಿನಗಳಲ್ಲಿ ಸುಲಭದ ಕಸುಬಾಗಿರಲಿಲ್ಲ. ಕಾಗುಣಿತ, ಒತ್ತಕ್ಷರ ಎಂದು ಮೊಳೆಯ ಮನೆಗಳು ನೂರಾರು. ಜೋಡಿಸುವವನು ಅಕ್ಷರವನ್ನು ತಿರುಗುಮುರುಗಾಗಿ ಓದುತ್ತಾನೆ. ಸಣ್ಣ ಮುದ್ರಣಾಲಯದಲ್ಲಿ ಮೊಳೆಗಳು ಪರಿಮಿತವಾಗಿರುವುದರಿಂದ ಕೆಲವು ಪುಟಗಳನ್ನು ಜೋಡಿಸಿ, ಕರಡನ್ನು ತಿದ್ದಿ, ಅಚ್ಚು ಹಾಕಿ, ಮೊಳೆಗಳನ್ನು ಮತ್ತೆ ಮನೆಮನೆಗೆ ಹಂಚಿದ ಮೇಲೆಯೇ ಮುಂದಿನ ಪುಟ. ಕರಡು ತಿದ್ದುವವನು ತಡಮಾಡಿದರೆ ಜೋಡಿಸುವವನು ಕೈಕಟ್ಟಿ ಕೂಡಬೇಕು. ಜೋಡಿಸುವವನು ಒಂದು ಒತ್ತನ್ನು ತಪ್ಪಿದರೆ ಬಸವಣ್ಣನವರ ಮಾತು ಬೇರೆಯಾಗುತ್ತದೆ. ಓಲೆಯನ್ನು ಕೊಟ್ಟ ಹಳ್ಳಿಯ ಮುದುಕ, ಪ್ರತಿ ಮಾಡಿದ ಪಂಡಿತ, ಮೊಳೆ ಜೋಡಿಸಿದ ಕೂಲಿ ಇವರೆಲ್ಲರ ಕೈಗಳು ಒಂದೊಂದು ಪುಟದ ಹಿಂದೆ ಇವೆ. ಹರಿಹರನ ರಗಳೆಗಳು ಹೊರಬಂದುದೂ, 1930ರಲ್ಲಿ ಶೂನ್ಯಸಂಪಾದನೆ ಪ್ರಕಟವಾದುದೂ ಹಳಕಟ್ಟಿಯವರ ಇಂಥ ದುಡಿಮೆಯಿಂದಲೇ. ಹೆಸರು ಅವರದು, ಆದರೆ ಆ ಹೆಸರಿಗೆ ಹೆಗಲು ಕೊಟ್ಟವರು ಅನೇಕರು, ಮತ್ತು ಅವರಲ್ಲಿ ಬಹುಮಂದಿಯ ಹೆಸರು ನಮಗೆ ಉಳಿದಿಲ್ಲ.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಹಳಕಟ್ಟಿಯವರ ತ್ಯಾಗವನ್ನು ನಾವು ವೇದಿಕೆಯಿಂದ ಹೊಗಳುವಾಗ, ಮನೆ ಮಾರಿದ ಮೇಲೆ ಆ ಸಂಸಾರವು ಬಾಡಿಗೆಯ ಮನೆಯಲ್ಲಿ ಕಾಲ ಕಳೆಯಿತೆಂಬುದನ್ನು ಒಂದು ಅಲಂಕಾರದಂತೆ ಸೇರಿಸಿ ಮುಂದೆ ಸಾಗುತ್ತೇವೆ. ಪತ್ರಿಕೆಯ ಚಂದಾಹಣದಿಂದ ಖರ್ಚು ಹುಟ್ಟುತ್ತಿರಲಿಲ್ಲ. ವಕೀಲಿಯ ಗಳಿಕೆ ಕಾಗದಕ್ಕೂ ಮಸಿಗೂ ಹರಿಯಿತು. ವಕೀಲಿಗೆ ಕೊಡುವ ಹೊತ್ತೂ ಕಡಿಮೆಯಾಯಿತು. ಬಡತನವನ್ನು ಅವರು ಆರಿಸಿಕೊಂಡರು, ಸರಿ. ಮನೆಯಲ್ಲಿದ್ದವರು ಅದನ್ನು ಆರಿಸಿಕೊಂಡಿದ್ದರೇ? ಆಯ್ದಕ್ಕಿ ಮಾರಯ್ಯನವರು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಮರಳಿ ಸುರಿದು ಬರುವಂತೆ ಕಳುಹಿಸಿದ ಕಥೆಯನ್ನು ನಾವೆಲ್ಲ ಬಲ್ಲೆವು. ಅಲ್ಲಿ ಬಡತನದ ವ್ರತವು ಇಬ್ಬರದೂ ಆಗಿತ್ತು, ಹೆಂಡತಿಯ ಮಾತೇ ಮೇಲಾಗಿತ್ತು. ವಿಜಾಪುರದ ಆ ಬಾಡಿಗೆಯ ಮನೆಯಲ್ಲಿ ಒಲೆ ಹೊತ್ತಿಸುತ್ತಿದ್ದ ತಾಯಿಯ ಮಾತನ್ನು ಯಾರೂ ಬರೆದಿಟ್ಟಂತಿಲ್ಲ. ಆದುದರಿಂದ ವಚನಶಾಸ್ತ್ರಸಾರದ ಸಂಪಾದಕರನ್ನು ನೆನೆಯುವಾಗ ಆ ತಾಯಿಯನ್ನೂ ಅವರ ಮಕ್ಕಳನ್ನೂ ಸಹಸಂಪಾದಕರೆಂದು ನೆನೆಯುವುದು ನ್ಯಾಯವೆಂದು ನನಗೆ ತೋರುತ್ತದೆ. ಕೇಳಲು ಬಂದ ತರುಣರಿಗೂ ನಾನು ಇದನ್ನು ಹೇಳುತ್ತೇನೆ. ಎಲ್ಲವನ್ನೂ ಕೊಟ್ಟುಬಿಡುವ ಉತ್ಸಾಹ ಹುಟ್ಟಿದಾಗ ಮನೆಯವರನ್ನು ಕೂಡಿಸಿಕೊಂಡು ಮಾತನಾಡಿರಿ. ಅನುಭವಮಂಟಪವು ಮನೆಯೊಳಗೂ ಇರಬಹುದು.

ಜೊತೆಗಾರರೊಡನೆ ಬಾಳುವ ಗುಣದ ನಿಜವಾದ ಪರೀಕ್ಷೆಯೆಂದರೆ, ತನ್ನ ಕೆಲಸವನ್ನು ಇನ್ನೊಬ್ಬರು ತಿದ್ದಿದಾಗ. ಹಳಕಟ್ಟಿಯವರು ತೆರೆದ ದಾರಿಯಲ್ಲಿ ಬೇಗನೆ ಅನೇಕ ವಿದ್ವಾಂಸರು ನಡೆದು ಬಂದರು. ಶಿ. ಶಿ. ಬಸವನಾಳರು ಬಂದರು, ಕ್ರೈಸ್ತ ಪಾದ್ರಿಗಳಾಗಿದ್ದ ಚನ್ನಪ್ಪ ಉತ್ತಂಗಿಯವರು ಬಂದರು. ಮುಂದೆ ಆರ್. ಸಿ. ಹಿರೇಮಠ, ಸಂ. ಶಿ. ಭೂಸನೂರಮಠ, ಎಲ್. ಬಸವರಾಜು, ಎಂ. ಎಂ. ಕಲಬುರ್ಗಿ ಮೊದಲಾದವರ ತಲೆಮಾರು ಬಂದಿತು. ಅವರು ಹೆಚ್ಚು ಪ್ರತಿಗಳನ್ನು ಹೋಲಿಸಿ, ಪಾಠಾಂತರಗಳನ್ನು ಕೊಟ್ಟು, ಒಬ್ಬೊಬ್ಬ ಶರಣರ ವಚನಗಳನ್ನು ಪ್ರತ್ಯೇಕವಾಗಿ ಸಂಪಾದಿಸಿದರು. ಹಳಕಟ್ಟಿಯವರ ಪಾಠಗಳಲ್ಲಿ ದೋಷಗಳಿವೆ. ಯಾವ ವಚನವನ್ನು ಯಾವ ಕಟ್ಟಿನಿಂದ ತೆಗೆದುಕೊಂಡರೆಂಬುದು ಎಲ್ಲೆಡೆಯೂ ತಿಳಿಯುವುದಿಲ್ಲ. ಇಂದಿನ ವಿದ್ಯಾರ್ಥಿಯು ಪರೀಕ್ಷೆಗೆ ಅವರ ಪಾಠವನ್ನೇ ಬರೆದರೆ ಪರೀಕ್ಷಕರು ಒಪ್ಪಲಾರರು. ಇದನ್ನು ಹೇಳುವುದರಿಂದ ಅವರ ಗೌರವಕ್ಕೆ ಕುಂದಿಲ್ಲ. ನಿರ್ದೋಷವಾದ ಪ್ರತಿ ಸಿದ್ಧವಾಗುವವರೆಗೆ ಕಾಯುತ್ತೇನೆಂದು ಅವರು ಕುಳಿತಿದ್ದರೆ ಗರಿಗಳು ಕಾಯುತ್ತಿರಲಿಲ್ಲ. ತಿದ್ದುವವರಿಗೆ ತಿದ್ದಲು ಒಂದು ಪಾಠವನ್ನು ಒದಗಿಸಿದವರು ಅವರು. ತಮ್ಮ ಕಣ್ಣೆದುರಿಗೆ ಕಿರಿಯರು ಮುಂದೆ ಹೋಗುತ್ತಿದ್ದರೂ ಶಿವಾನುಭವವನ್ನು ಅವರು ನಿಲ್ಲಿಸಲಿಲ್ಲ. ಮೂರು ದಶಕಗಳಿಗೂ ಮಿಗಿಲಾಗಿ ಅದನ್ನು ನಡೆಸಿಕೊಂಡು ಬಂದರು.

ನಮ್ಮ ಮಠದ ಪುಸ್ತಕಭಂಡಾರದಲ್ಲಿ ಆ ಪತ್ರಿಕೆಯ ಕೆಲವು ಹಳೆಯ ಸಂಚಿಕೆಗಳಿವೆ. ಕಾಗದ ಹಳದಿಯಾಗಿದೆ, ಮುಟ್ಟಿದರೆ ಅಂಚು ಉದುರುತ್ತದೆ. ಮೊಳೆಗಳು ಸವೆದಿದ್ದವೆಂದು ಕಾಣುತ್ತದೆ. ಕೆಲವೆಡೆ ಅಕ್ಷರದ ತಲೆಕಟ್ಟು ಮೂಡಿಲ್ಲ. ಆ ಪುಟಗಳನ್ನು ಓದುವಾಗ ನನಗೆ ಅವು ಮತ್ತೊಂದು ಬಗೆಯ ಓಲೆಗರಿಗಳೇ ಎನ್ನಿಸುತ್ತದೆ. ಕಳೆದ ವರ್ಷ ನಮ್ಮ ಹತ್ತನೆಯ ತರಗತಿಯ ಇಬ್ಬರು ಬಾಲಕರು ಅವುಗಳನ್ನು ಒಂದೊಂದಾಗಿ ಬಿಡಿಸಿ, ಧೂಳು ಕೊಡವಿ, ಯಂತ್ರದಲ್ಲಿ ಪ್ರತಿಬಿಂಬ ತೆಗೆದಿಟ್ಟರು. ಮೊದಲ ಎರಡು ದಿನ ಯಾರು ಪುಟ ತಿರುವಬೇಕು, ಯಾರು ಗುಂಡಿ ಒತ್ತಬೇಕೆಂದು ಜಗಳವಾಡಿದರು. ಮೂರನೆಯ ದಿನದಿಂದ ಸರದಿಯ ಮೇಲೆ ಮಾಡಿಕೊಂಡರು.

1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಹಳಕಟ್ಟಿಯವರಿಗೆ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. ಅದೇ ವರ್ಷ ನವೆಂಬರ್ 1ರಂದು, ಅವರು ತಾರುಣ್ಯದಲ್ಲಿ ಕನಸು ಕಂಡಿದ್ದ ಏಕೀಕೃತ ರಾಜ್ಯವೂ ಉದಯಿಸಿತು. ಆಗ ಅವರಿಗೆ ಎಪ್ಪತ್ತಾರು ವರ್ಷ. ಪದವಿ ಬಂದ ಮೇಲೆಯೂ ಅವರ ದಿನಚರಿ ಬದಲಾಗಲಿಲ್ಲ. ಮೊದಲಿನಂತೆಯೇ ಬರೆಹ, ಕರಡು, ಪತ್ರಿಕೆ. 1964ರ ಜೂನ್ ತಿಂಗಳ ಕೊನೆಯಲ್ಲಿ, ಎಂಬತ್ತನಾಲ್ಕು ವರ್ಷಗಳು ತುಂಬಲು ಕೆಲವೇ ದಿನಗಳಿರುವಾಗ, ವಿಜಾಪುರದಲ್ಲಿ ಲಿಂಗೈಕ್ಯರಾದರು. ಅವರ ಹೆಸರಿನ ಸಂಶೋಧನ ಕೇಂದ್ರವೊಂದು ಆ ಊರಿನಲ್ಲಿ, ಅವರೇ ಕಟ್ಟಿದ ವಿದ್ಯಾಸಂಸ್ಥೆಯ ಆಶ್ರಯದಲ್ಲಿ ಕೆಲಸ ಮಾಡುತ್ತಿದೆ.